ಮಾತಾಡಲಿಕ್ಕೆಂದು ಹತ್ತಿದ ಬಂಡೆ

"ಈ ಬ್ಯಾಸಿಗ್ಯಾಗ ಬಂಡೆಗಲ್ಲು ಹತ್ತಾಂವ ನಾ! ಯಾರು ಅಡ್ಡ ಬಂದ್ರೂ ಬಿಡಾಂವಲ್ಲ!"

ಆನಂದ ಹೀಗೆ ಗರ್ಜಿಸಿದಾಗ ಯಾರೂ ಅಡ್ಡ ಬರಲಿಲ್ಲ. ರಾಯಚೂರಿನ ಆ ಎರಡು ಕೋಣೆಯ ಮನೆಯಲ್ಲಿ ಅವ್ವ, ಅಪ್ಪ, ಅಣ್ಣ, ಅತ್ತಿಗೆ, ಅವರ ಮೂರು ಮಕ್ಕಳು ಸೆಕೆಗೆ ಸೋತು ಅಡ್ಡಾಗಿದ್ದರು. ಹೆಂಡತಿ ಮೇಘಾ ಮಾತ್ರ, "ಮಾಳಿಗಿ ಹತ್ತಿ ನೀರಿನ ಟಾಕಿ ನೋಡ್ರಿ ಅಂದ್ರ ಮಂಡಿ ನೋವು ಅಂತೀರಿ," ಎಂದು ಏಳರ ಬಸ್ಸಿಗೆ ಓಡಿದಳು.

ಅವಳು ಮಾನ್ವಿಯಲ್ಲಿ ಶಾಲೆಯ ಟೀಚರು, ಇವನು ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಪಾಳಿಯ ಮೇಲೆ ದುಡಿಯುವ ಟೆಕ್ನಿಷಿಯನ್. ಅವಳ ಬಸ್ಸು ಆ ದಿಕ್ಕಿಗೆ, ಇವನದು ಈ ದಿಕ್ಕಿಗೆ. ಮದುವೆಯಾಗಿ ಎರಡು ವರ್ಷವಾದರೂ ಎದುರುಬದುರು ಕೂತು ನಾಲ್ಕು ಮಾತಾಡಿದ್ದಿಲ್ಲ! ಬೇಸಿಗೆ ರಜೆಯಲ್ಲಾದರೂ ಹೆಂಡತಿ ಸಿಕ್ಕಾಳು ಎಂದುಕೊಂಡರೆ ಅಣ್ಣನ ಮಕ್ಕಳಿಗೂ ಆಗಲೇ ರಜೆ. ಮೂವರೂ ಚಿಕ್ಕಮ್ಮನ ಕೊರಳಿಗೆ ಜೋತುಬಿದ್ದರು.

ನಿಜ ಹೇಳಬೇಕೆಂದರೆ ಬಂಡೆ ಬರೀ ನೆಪ. ಯಾರೂ ಇಲ್ಲದ ಕಡೆ ಹೆಂಡತಿಯನ್ನು ಕೂರಿಸಿಕೊಂಡು ಒಂದು ಸಂಜೆ ಮನಸಾರೆ ಮಾತಾಡಬೇಕೆಂದು ಅವನ ಜೀವ ಹಂಬಲಿಸುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಲು ಮಹಾಶಯನಿಗೆ ನಾಚಿಕೆ. ಹಗ್ಗ, ಹೆಲ್ಮೆಟ್ಟು, ಡೇರೆ ತರಿಸಲು ಮಾತ್ರ ನಾಚಿಕೆಯಿಲ್ಲ!

ಮೇ ತಿಂಗಳ ಒಂದು ಶನಿವಾರ ಇಬ್ಬರನ್ನೂ ಹೊತ್ತು ಬೈಕ್ ಹೊರಟಿತು. ಕಲ್ಮಲ ದಾಟುವಷ್ಟರಲ್ಲಿ ಬಿಸಿಲು ನೆತ್ತಿ ಸುಡತೊಡಗಿತು.

"ಎಲ್ಲಿಗಿ ಒಯ್ಯಾಕತ್ತೀರಿ ನನ್ನ?"

"ದೇವದುರ್ಗದಾಚಿ ಒಂದು ಕಲ್ಲು ನೋಡಿಟ್ಟೀನಿ. ಅಲ್ಲಿ ಒಂದು ನರಪಿಳ್ಳಿ ಸೈತ ಬರಂಗಿಲ್ಲ!"

ನಾಲ್ಕು ಗಂಟೆಗೆ ಆರಾಳೆತ್ತರದ ಬಂಡೆಯ ಬುಡದಲ್ಲಿ ಆನಂದ ಸೊಂಟಕ್ಕೆ ಹಗ್ಗ ಬಿಗಿದ. ಇನ್ನೊಂದು ತುದಿಯನ್ನು ಬೈಕಿಗೆ ಕಟ್ಟಿದ.

"ನೀವು ಬಿದ್ರ ಗಾಡಿನೂ ನಿಮ್ಮ ಜೋಡಿ ಬೀಳಬೇಕೇನು?"

"ವಿಡಿಯೋದಾಗ ಹದಿನಾಲ್ಕು ಸಲ ನೋಡೀನಿ, ಸುಮ್ನ ನಿಂದ್ರು! ಮ್ಯಾಲ ಮುಟ್ಟಿದ ಮ್ಯಾಲ ನಿನ್ನ ಎಳಕೋತೀನಿ."

ಮುಕ್ಕಾಲು ಗಂಟೆ ಹೆಣಗಾಡಿದ. ಮೊಣಕೈ ತರಚಿತು, ಪ್ಯಾಂಟು ಹರಿಯಿತು, ಕುಲದೇವರನ್ನು ಏಳು ಸಲ ಕರೆದದ್ದಾಯಿತು. ಕೊನೆಗೂ ಆ ಮಹಾವೀರ ತುದಿಗೆ ಕೈಯಿಟ್ಟು ತಲೆ ಎತ್ತಿದ. ಎದುರಿಗೆ ಒಂದು ಆಡು! ಆಡಿನ ಹಿಂದೆ ಒಬ್ಬ ಮುದುಕಿ. ಮುದುಕಿಯ ಹಿಂದೆ ಅರ್ಧ ಹಳ್ಳಿ. ಅವರ ನಡುವೆ ಮಜ್ಜಿಗೆ ಕುಡಿಯುತ್ತಾ ಮೇಘಾ!

"ಯಪ್ಪಾ, ಆ ಕಡಿಯಿಂದ ಯಾಕ ಬಂದಿ? ಹಿಂದ ಆಡಿನ ದಾರಿ ಅದ ನೋಡು, ಈಕಿ ಅದರಾಗೇ ಬಂದ್ಳು!" ಎಂದಳು ಮುದುಕಿ. ಹೆಸರು ಬೂದೆಮ್ಮ.

"ನೀವೆಲ್ಲಾ ಇಲ್ಲಿ ಯಾಕ...?" ಆನಂದನಿಗೆ ಅಳುವೊಂದು ಬಾಕಿ.

"ನಮ್ಮೂರಾಗ ಟವರ್ ಸಿಗಂಗಿಲ್ಲ ತಮ್ಮಾ. ಸಂಜಿಮುಂದ ಎಲ್ಲಾರೂ ಈ ಕಲ್ಲಿಗೇ ಬರ್ತೀವಿ."

ಒಬ್ಬಳ ಗಂಡ ಹೈದರಾಬಾದಿನಲ್ಲಿ ಗಾರೆ ಕೆಲಸಕ್ಕೆ ಹೋಗಿದ್ದ, ಒಬ್ಬನ ಮಗ ಗಡಿಯಲ್ಲಿ ಸೈನಿಕನಾಗಿದ್ದ. ಎಲ್ಲರೂ ಫೋನ್ ಹಿಡಿದು ದೂರದವರಿಗೆ ಕಿವಿಗೊಟ್ಟು ಕೂತಿದ್ದರು. ದೇವಿಕಾ ಎಂಬ ಹೊಸ ಮದುವಣಗಿತ್ತಿ, "ಊಂ... ಊಂ... ಮತ್ತ ಯಾವಾಗ ಬರ್ತಿ?" ಎನ್ನುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದಳು. ಆನಂದ ಮೇಘಾಳ ಕಡೆ ನೋಡಿದ. ಇವರೆಲ್ಲ ಕಣ್ಣಿಗೆ ಕಾಣದವರ ಜೊತೆ ಇಷ್ಟು ಮಾತಾಡುತ್ತಾರೆ, ತನ್ನವಳು ಎರಡೇ ಮಾರು ದೂರದಲ್ಲಿದ್ದರೂ ಮಾತಿಲ್ಲ!

ಅವನು ಹತ್ತಿರ ಸರಿದರೆ ಬೂದೆಮ್ಮ ನಡುವೆಯೇ ಕೂತಳು. ಯಾವ ಊರು, ಮಕ್ಕಳು ಎಷ್ಟು, ಯಾಕಿಲ್ಲ, ಯಾವ ದೇವರಿಗೆ ಹರಕೆ ಹೊತ್ತಿದ್ದೀರಿ?

"ಆಕಿನ್ನ ಕೇಳು ಬೇ, ಎಷ್ಟು ಅಳಾಕತ್ತಾಳ," ಎಂದು ಆನಂದ ದೇವಿಕಾಳ ಕಡೆ ತೋರಿಸಿದ.

"ಛೇ! ಕಿವಿಗಿ ಫೋನ್ ಹಚ್ಚಿದವರ ಕಡಿ ನಾವು ಹೋಗಂಗಿಲ್ಲ. ಮಾರಿ ಅತ್ಲಾಗ ಮಾಡ್ತೀವಿ. ಈ ಕಲ್ಲಿನ ಪದ್ಧತಿ ಅದು."

ಆನಂದನ ತಲೆಯಲ್ಲಿ ದೀಪ ಹತ್ತಿತು. ಬಂಡೆಯ ಇನ್ನೊಂದು ಮೂಲೆಗೆ ಓಡಿ ಫೋನ್ ಒತ್ತಿದ. ಮೇಘಾಳ ಫೋನ್ ರಿಂಗಾಯಿತು. ಅವಳು ಹೆಸರು ನೋಡಿದಳು, ಇವನ ಬೆನ್ನು ನೋಡಿದಳು, ಫೋನನ್ನು ಕಿವಿಗಿಟ್ಟು ಎದುರಿನ ಮೂಲೆಗೆ ಸರಿದಳು. ಬೂದೆಮ್ಮ ಮರ್ಯಾದೆಯಿಂದ ಆಡುಗಳ ಕಡೆ ತಿರುಗಿದಳು.

"ಹಲೋ, ಎಲ್ಲಿದ್ದೀರಿ?"

"ಭಾಳ ದೂರ," ಎಂದ ಆನಂದ. "ಮೇಘಾ, ಮನಿಗಿ ಬಂದ್ರ ಹಗ್ಗದ ಮ್ಯಾಲ ನಿನ್ನ ಸೀರಿ ಇರ್ತದ, ನೀ ಇರಂಗಿಲ್ಲ. ಆ ಸೀರಿ ಮಡಚಿ ಇಟ್ಟು ಮಕ್ಕೋತೀನಿ. ನಿನ್ನ ಬಿಟ್ಟು ಇರಾಕ ಆಗವಲ್ದು ನನಗ."

ಮೇಘಾ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

"ಇನ್ನೊಮ್ಮಿ ಹೇಳ್ರಿ. ಸರಿಯಾಗಿ ಕೇಳ್ಸಲಿಲ್ಲ."

"ಟವರ್ ಪೂರಾ ಅದ ನೋಡು!"

"ಆದ್ರೂ ಹೇಳ್ರಿ."

ಹೇಳಿದ. ಮತ್ತೆ ಹೇಳಿದ. ಹೊತ್ತು ಮುಳುಗುವವರೆಗೂ ಬೆನ್ನಿಗೆ ಬೆನ್ನು ಮಾಡಿಕೊಂಡು ಇಬ್ಬರೂ ಎರಡು ವರ್ಷದ ಮಾತಾಡಿದರು. ಧೈರ್ಯ ಹೆಚ್ಚಿದಂತೆ ಆನಂದನ ದನಿಯೂ ಹೆಚ್ಚಿತು.

ಫೋನ್ ಇಟ್ಟು ತಿರುಗಿದರೆ ಹಿಂದೆ ಬೂದೆಮ್ಮ, ಕೈಯಲ್ಲಿ ಆಡು ಕಾಯುವ ಕೋಲು!

"ಯವ್ವಾ ಮೇಘಾ!" ಎಂದು ಚೀರಿದಳು. "ನೀ ಆ ಕಡಿ ತವರಿಗಿ ಫೋನ್ ಹಚ್ಚಿ ಕುಂತಿ, ನಿನ್ನ ಗಂಡ ಇಲ್ಲಿ ಯಾವಾಕಿ ಜೋಡಿನೋ 'ನಿನ್ನ ಬಿಟ್ಟು ಇರಾಕ ಆಗವಲ್ದು' ಅಂತ ಅಳಾಕತ್ತಾನ! ನಾವು ಕೇಳಂಗಿಲ್ಲ, ಖರೆ. ಆದ್ರ ಇಂವ ಹಿಂಗ ಒದರಿದ್ರ ಕಿವಿ ಏನ್ ಮಾಡಬೇಕು?"

ಇಡೀ ಹಳ್ಳಿ ಪದ್ಧತಿ ಮರೆತು ಆನಂದನ ಕಡೆ ತಿರುಗಿತು. ಹೆಲ್ಮೆಟ್ಟು ತೊಟ್ಟಿದ್ದಕ್ಕೆ ಅವನಿಗೆ ಮೊದಲ ಸಲ ಸಮಾಧಾನವಾಯಿತು.

ಮೇಘಾ ಸೆರಗಿನಿಂದ ಕಣ್ಣೊರೆಸಿಕೊಂಡು ಬಂದು ಕೋಲು ಹಿಡಿದಳು.

"ಗೊತ್ತದ ಬೇ. ಹೊಡಿಬ್ಯಾಡ," ಎಂದಳು. "ಪಾಪ, ಆಕಿ ಎರಡು ವರ್ಷದಿಂದ ಈ ಫೋನಿಗೇ ಕಾಯಾಕತ್ತಿದ್ಳು."