ಆಪಾ ಓದಿದ ವಾರ್ತೆಗಳು

ಎಲ್ಲರೂ ಮುಖ ಗಂಟು ಹಾಕಿಕೊಂಡು ಕೂತ ಹೊತ್ತಿನಲ್ಲೇ ನಗು ಬರುವಂಥದ್ದು ಏನಾದರೂ ನಡೆದುಬಿಡುತ್ತದೆ. ನನ್ನ ಬದುಕಿನಲ್ಲಂತೂ ಇದು ತಪ್ಪಿದ್ದೇ ಇಲ್ಲ. 'ಬೀದರಿನಿಂದ ಚಾಮರಾಜನಗರದವರೆಗೆ' ಎಂದು ಭಾಷಣಗಾರರು ಹೇಳುತ್ತಾರಲ್ಲ, ಆ ಮಾತಿನ ಮೊದಲ ತುದಿಯಲ್ಲಿ ಹುಟ್ಟಿ ಕೊನೆಯ ತುದಿಗೆ ಬಂದು ಕೂತವಳು ನಾನು. ಇಲ್ಲಿ ಸಂಜೆಯಾದರೆ ಮೊಮ್ಮಗಳು ಟೀವಿ ಹಾಕುತ್ತಾಳೆ. ವಾರ್ತೆ ಓದುವವರನ್ನೂ ಸಿನಿಮಾ ನಟರನ್ನೂ ಗೇಲಿ ಮಾಡುವ ಕಾರ್ಯಕ್ರಮ ಬರುತ್ತದೆ. "ಅಜ್ಜಿ, ಇದು ಹೊಸಾ ಥರ" ಅನ್ನುತ್ತಾಳೆ. ಹೊಸದು ಎಲ್ಲಿಂದ ಬಂತು? ಟೀವಿ ನಮ್ಮ ಕಡೆ ಕಾಲಿಡುವ ಮೊದಲೇ, ಬೀದರಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ನಾವು ಇದನ್ನು ದಿನವೂ ಮಾಡುತ್ತಿದ್ದೆವು.

ಹೈದರಾಬಾದ್ ರಾಜ್ಯ ಒಡೆದು ನಾವು ಮೈಸೂರು ರಾಜ್ಯ ಸೇರಿದ ಕಾಲ ಅದು. ನಾನು ಔರಾದ ತಾಲೂಕಿನ ಠಾಣಾ ಕುಶನೂರಿನವಳು. ಆಗಷ್ಟೇ ಕನ್ನಡ ಟೀಚರಾಗಿ ಸೇರಿದ್ದೆ. ನನ್ನ ಪಕ್ಕದ ಕುರ್ಚಿ ಉರ್ದು ಕಲಿಸುವ ಟೀಚರದು. ವಯಸ್ಸಿನಲ್ಲಿ ಹಿರಿಯರಾದ್ದರಿಂದ ಎಲ್ಲರೂ ಅವರನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದೆವು. ಸಿನಿಮಾ ಹುಚ್ಚು, ನಗುವ ಹುಚ್ಚು ಎರಡೂ ಅವರಿಗೆ ವಿಪರೀತ.

ಒಂದು ಕೆಮ್ಮು

ಶಾಲೆಯಲ್ಲಿ ರೇಡಿಯೋ ಇರಲಿಲ್ಲ. ಎದುರಿನ ಚಾ ಹೋಟೆಲಿನಲ್ಲಿತ್ತು. ಆದರೆ ಅಲ್ಲಿ ಗಂಡಸರದೇ ಗದ್ದಲ, ಹೆಂಗಸರು ಹೋಗಿ ಕೂಡುವಂತಿರಲಿಲ್ಲ. ನಮ್ಮ ಕಡೆ ಟೀಚರಮ್ಮನಿಗೆ ಬಾಯಿ ಎನ್ನುವುದು ರೂಢಿ. ವಾರ್ತೆಯ ಹೊತ್ತಿಗೆ ಹೆಡ್ ಬಾಯಾರು ಚಪರಾಸಿಯನ್ನು, ಅಂದರೆ ಶಾಲೆಯ ಜವಾನನನ್ನು, ಕಳಿಸುತ್ತಿದ್ದರು. ಅವನು ಅಲ್ಲಿ ಒಂದು ಕಪ್ ಚಾ ಕುಡಿದು, ಕೇಳಿದ್ದನ್ನು ಬಂದು ನಮಗೆ ಒಪ್ಪಿಸುತ್ತಿದ್ದ.

ಜಿಲ್ಲೆ ಒಡೆಯುವ ಸುದ್ದಿ ಬಂದ ದಿನ ನಾವೆಲ್ಲ ಉಸಿರು ಬಿಗಿಹಿಡಿದು ಕೂತಿದ್ದೆವು. ಚಪರಾಸಿ ಬಾಗಿಲಲ್ಲಿ ನಿಂತ.

"ಅಣ್ಣತಮ್ಮರ ಪಾಲು ಆದಂಗ ಆಗ್ಯದ್ರಿ ಬಾಯಾರ. ಉದಗೀರ ಬೊಂಬಾಯಿಗಿ ಹೋತು. ಜಹೀರಾಬಾದ ಆಂಧ್ರಕ್ಕ ಹೋತು. ಬೀದರ, ಭಾಲ್ಕಿ ಮೈಸೂರಿಗಿ ಬಂದಾವ."

"ನಮ್ಮ ಔರಾದ?" ಅಂದೆ ನಾನು.

"ಅಲ್ಲೇ ನೋಡ್ರಿ ಗಡಬಡಿ ಆತು. ಔರಾದ ಅನ್ನೂದಕ್ಕ ಹೋಟೆಲ್ ಮಾಲಕ ಕೆಮ್ಮಿದ."

"ಬಾಜೂಕ ಇದ್ದವರಿಗಿ ಕೇಳಬೇಕಿತ್ತಲ್ಲೋ!"

"ಕೇಳ್ದೆನ್ರಿ. ಎಲ್ಲಾರಿಗೂ ಕೆಮ್ಮೇ ಕೇಳಿಸ್ಯದ."

ಮರುದಿನ ಪತ್ರಿಕೆ ಬರುವವರೆಗೆ ನನ್ನೂರು ಯಾವ ರಾಜ್ಯದಲ್ಲೂ ಇರಲಿಲ್ಲ. ನನ್ನ ಕಣ್ಣಲ್ಲಿ ನೀರು ನೋಡಿ ಆಪಾ ಚಪರಾಸಿಗೆ ಉರ್ದುವಿನಲ್ಲಿ ಗಂಭೀರವಾಗಿ ಹೇಳಿದರು: "ನಾಳೆ ಹೋಗುವಾಗ ಮಾಲಕನಿಗೆ ಒಂದು ತುಂಡು ಜೇಷ್ಠಮಧು ಒಯ್ದು ಕೊಡು. ಇನ್ನೊಂದು ತಾಲೂಕಾದರೂ ಉಳಿದೀತು."

ಸಿನಿಮಾ ನಟಿಯ ಮದುವೆ

ನಗಿಸಿದ ಆಪಾಗೇ ಅಳುವ ಹೊತ್ತು ಬಂತು. ಮೈಸೂರು ರಾಜ್ಯದಲ್ಲಿ ಉಳಿಯುವ ಬೇರೆ ಭಾಷೆಯ ಟೀಚರುಗಳೆಲ್ಲ ಕನ್ನಡದಲ್ಲಿ ಮೌಖಿಕ ಪರೀಕ್ಷೆ ಕೊಡಬೇಕು, ಪಾಸಾಗದವರಿಗೆ ಆಂಧ್ರದ ಕಡೆ ವರ್ಗ ಎಂದು ಹೆಡ್ ಬಾಯಾರು ತಿಳಿಸಿದರು. ಆಪಾಗೆ ಇದ್ದವರು ಒಬ್ಬ ಮುದಿ ತಾಯಿ. ಆಕೆ ಆಗಲೇ ಖಡಾಖಂಡಿತ ಹೇಳಿಬಿಟ್ಟಿದ್ದಳು: "ಮೂರು ರಾಜ್ಯ ಮಾಡಲಿ, ಮೂವತ್ತು ಮಾಡಲಿ. ನಾನು ಈ ಓಣಿ ಬಿಟ್ಟು ಕದಲುವುದಿಲ್ಲ. ನೀನು ಹೋಗುವುದಾದರೆ ನನ್ನನ್ನು ಮಣ್ಣು ಮಾಡಿ ಹೋಗು."

"ನನಗ ಕನ್ನಡ ಬರ್ತದ ಬೇಟಿ. ದಿನಾ ಬಾಜಾರದಾಗ ಮಾತಾಡ್ತೇನಿ" ಅಂದರು ಆಪಾ.

ನಿಜ, ಬರುತ್ತಿತ್ತು. ಆದರೆ ಅದಷ್ಟೂ ಬದನೆಕಾಯಿ ಬುಟ್ಟಿಯ ಮುಂದೆ ಕಲಿತದ್ದು. ಚೌಕಾಸಿ ಮಾಡುವ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಒಂದನೇ ಇಯತ್ತೆಯ ಪುಸ್ತಕ ಕೊಟ್ಟರೆ ಆಕಳಿಕೆ ಬಂತು. ಕೊನೆಗೆ ನಾನೇ ಒಂದು ಉಪಾಯ ಹೇಳಿದೆ: ಮಧ್ಯಾಹ್ನ ಊಟದ ಹೊತ್ತಿಗೆ ಆಪಾ ರೇಡಿಯೋದವರಂತೆ ನಮಗೆ ವಾರ್ತೆ ಹೇಳಬೇಕು. ಸುದ್ದಿ ಸುಳ್ಳಾದರೂ ಚಿಂತೆಯಿಲ್ಲ, ಭಾಷೆ ಮಾತ್ರ ಕನ್ನಡವೇ ಆಗಿರಬೇಕು.

ಆಪಾ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು ಮೊದಲ ವಾರ್ತೆ ಓದಿದರು:

"ಬೊಂಬಾಯಿ ಸಿನಿಮಾದಾಕಿ ಮದುವಿ ಮಾಡ್ಕೊಳ್ಳಲತ್ತಾಳ. ಹುಡುಗ ಹ್ಯಾಂಗ? ಭಾಳ ತುಟ್ಟಿ! ಇಕಿ ಕಮ್ಮಿ ಮಾಡು ಅಂದಳು. ಅವ ಮಾಡಲಿಲ್ಲ. ಮ್ಯಾಲ ಚೊಲೋ ಅದಾನ, ಒಳಗ ಹುಳಕ ಇದ್ದರ? ಒತ್ತಿ ನೋಡಿದಳು. ಬ್ಯಾಡ ತಗೋ ಅಂತ ಬಿಟ್ಟು ನಡದಳು. ಈಗ ಅವ ಹಿಂದಿಂದ ಕರೀಲತ್ತಾನ: ಬಾ ಅಕ್ಕಾ, ಇಬ್ಬರನ್ನ ತಗೋ, ಕಮ್ಮಿ ಮಾಡ್ತೇನಿ!"

ಹೆಡ್ ಬಾಯಾರ ಬಾಯಲ್ಲಿದ್ದ ಜೋಳದ ರೊಟ್ಟಿ ನೆತ್ತಿಗೇರಿತು.

ಸಾರ್ವಜನಿಕರು

ಈ ಕನ್ನಡ ಪರೀಕ್ಷೆಗೆ ಸಾಲುವಂತಿರಲಿಲ್ಲ. ಹುಬ್ಬಳ್ಳಿಯಿಂದ ತಡವಾಗಿ ಬರುತ್ತಿದ್ದ ಪತ್ರಿಕೆಯನ್ನು ದಿನವೂ ಆಪಾಗೆ ಓದಿ ಹೇಳತೊಡಗಿದೆ. ಸಿನಿಮಾದ ಸಂಭಾಷಣೆಗಳನ್ನು ಒಂದೇ ಸಲಕ್ಕೆ ಬಾಯಿಪಾಠ ಮಾಡುವ ಹೆಂಗಸು ಅವರು. ಪತ್ರಿಕೆಯ ವಾಕ್ಯಗಳನ್ನೂ ಹಾಗೇ ನುಂಗಿದರು. ಸ್ವಲ್ಪ ದಿನದಲ್ಲೇ ಅವರ ಬಾಯಿಂದ ಅಚ್ಚಾದ ಕನ್ನಡ ಉದುರತೊಡಗಿತು. ಶಾಲೆಯಲ್ಲಿ ಚಾ ಪಾತ್ರೆ ಮಗುಚಿದರೆ, "ಚಹಾ ಚೆಲ್ಲಿದ್ದು, ಯಾವುದೇ ಪ್ರಾಣಹಾನಿ ವರದಿಯಾಗಿಲ್ಲ" ಎನ್ನುತ್ತಿದ್ದರು.

ಒಂದು ದಿನ ಇಬ್ಬರೂ ಬಾಜಾರಕ್ಕೆ ಹೋದೆವು. ಆಪಾ ಯಾವಾಗಲೂ ಕಾಯಿಪಲ್ಯ ಕೊಳ್ಳುತ್ತಿದ್ದ ಹತ್ತಿರದ ಅಷ್ಟೂರು ಹಳ್ಳಿಯ ಮುದುಕಿ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಆಪಾ ಎದುರು ನಿಂತು ಘೋಷಿಸಿದರು: "ಬದನೆಕಾಯಿಯ ದರವನ್ನು ಕೂಡಲೇ ಇಳಿಸಬೇಕೆಂದು ಸಾರ್ವಜನಿಕರು ಒತ್ತಾಯಿಸಿದ್ದಾರೆ."

ಮುದುಕಿ ಕಣ್ಣಿಗೆ ಕೈ ಅಡ್ಡ ಹಿಡಿದು ಆಪಾರ ಹಿಂದೆ ನೋಡಿದಳು, ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು.

"ಎಲ್ಲಿ ಅದಾರವ್ವ ಅವರು? ನೀ ಒಬ್ಬಾಕಿನೇ ಬಂದೀಯಲ್ಲ ಬೀಬಿ! ಅವರನ್ನೂ ಕರ್ಕೊಂಡು ಬಾ. ಒಂದು ಬುಟ್ಟಿ ಪೂರಾ ತಗೋತಾರಂದ್ರ ಕಮ್ಮಿ ಮಾಡ್ತೇನಿ."

ಭಾಲ್ಕಿಗೆ ಬಂದ ರೇಡಿಯೋ ಬಾಯಿ

ಭಾಲ್ಕಿಯಲ್ಲಿ ನನ್ನ ಸೋದರತ್ತೆಯ ಮನೆ. ಅಲ್ಲಿ ತೊಟ್ಟಿಲ ಕಾರ್ಯವಿತ್ತು. ಅಪರಿಚಿತರ ಮುಂದೆ ಮಾತಾಡಿ ರೂಢಿಯಾಗಲಿ ಎಂದು ಆಪಾರನ್ನೂ ಕರೆದುಕೊಂಡು ಹೋದೆ. ಬಾಣಂತಿಯ ಕೋಣೆಯಲ್ಲಿ ಅತ್ತೆಯ ಒತ್ತಾಯಕ್ಕೆ ಅವರು ಒಂದು ವಾರ್ತೆ ಓದಿದರು: "ಇಂದು ಭಾಲ್ಕಿಯಲ್ಲಿ ನೂತನ ಸದಸ್ಯರೊಬ್ಬರು ಅಧಿಕಾರ ಸ್ವೀಕರಿಸಿದರು. ಹಾಲಿನ ಬೇಡಿಕೆಯ ವಿಷಯದಲ್ಲಿ ರಾತ್ರಿಯಿಡೀ ಘೋಷಣೆ ಕೂಗಿದರು." ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು.

ನಗುವಿನ ಸದ್ದು ಹೊರಗಿನ ಕಟ್ಟೆಗೆ ಹೋಗುವಷ್ಟರಲ್ಲಿ ಸುದ್ದಿ ಬೇರೆಯೇ ಆಗಿತ್ತು: ರೇಡಿಯೋದಲ್ಲಿ ಮಾತಾಡುವ ಬಾಯಿ ಬಂದಿದ್ದಾರೆ! ನೋಡಲು ಜನ ಸೇರಿದರು. ಆಪಾ ನಟಿಯಂತೆ ಸೆರಗು ಸರಿಮಾಡಿಕೊಂಡರು. ಜನರ ನಡುವಿನಿಂದ ಒಬ್ಬ ಮುದುಕ ಮುಂದೆ ಬಂದ. ರುಮಾಲು ಬಿಚ್ಚಿ ಮೈಮೇಲಿನ ಹೊಟ್ಟು ಝಾಡಿಸುತ್ತ ಕೇಳಿದ: "ಮೊನ್ನಿ ಮಳಿ ಬರ್ತದ ಅಂತ ಹೇಳಿದಾಕಿ ನೀವೇ ಏನ್ರಿ?"

ಅಲ್ಲವೆಂದರೆ ಬಂದ ಮರ್ಯಾದೆ ಹೋಗುತ್ತದೆ. ಆಪಾ ತಲೆಯಾಡಿಸಿದರು.

"ನಿಮ್ಮ ಮಾತು ನಂಬಿ ಕಣದಾಗಿನ ತೊಗರಿ ಅಷ್ಟೂ ಹೊತ್ತು ಮನಿಯಾಗ ಹಾಕಿದೆವ್ರಿ. ಒಂದು ಹನಿ ಬೀಳಲಿಲ್ಲ."

ಆಪಾ ಎದ್ದು ನಿಂತರು. "ಈ ಘಟನೆಗೆ ತೀವ್ರ ವಿಷಾದ ವ್ಯಕ್ತಪಡಿಸಲಾಗಿದೆ."

"ವಿಷಾದ ನಿಮ್ಮ ಹಂತ್ಯಾಕೇ ಇರಲಿ ತಾಯಿ" ಅಂದ ಮುದುಕ, "ಇಬ್ಬರು ಆಳು ಕಳಸ್ರಿ. ತೊಗರಿ ಮತ್ತ ಹೊರಗ ಹಾಕಬೇಕಾಗ್ಯದ."

ಮೈಸೂರಿನ ಸಾಹೇಬರು

ಕೊನೆಗೆ ಪರೀಕ್ಷೆಯ ದಿನ ಬಂತು. ಆಪಾರ ತಾಯಿ ಬೆಳಿಗ್ಗೆಯಿಂದ ಜಪಮಣಿ ಹಿಡಿದು ಕೂತಿದ್ದಳಂತೆ. ಆಪಾರ ಮುಖದಲ್ಲಿ ಮೊದಲ ಬಾರಿಗೆ ನಗು ಇರಲಿಲ್ಲ. "ಬೇಟಿ, ಎಲ್ಲಾ ಮರತು ಹೋಗ್ಯದ" ಎಂದು ನನ್ನ ಕೈ ಹಿಡಿದುಕೊಂಡರು. ಅವರಿಗೆ ಧೈರ್ಯವಿರಲಿ ಎಂದು ನಾನೂ ಪರೀಕ್ಷೆಯ ಕೋಣೆಯಲ್ಲಿ ಕೂತೆ.

ಹೆಡ್ ಬಾಯಾರು ಚಾ ವ್ಯವಸ್ಥೆಗೆಂದು ಆಚೆ ಹೋಗಿದ್ದರು. ಅಷ್ಟರಲ್ಲೇ ಪರೀಕ್ಷೆ ಮಾಡುವ ಸಾಹೇಬರು ಒಳಗೆ ಬಂದರು. ಮೈಸೂರಿನವರು, ಕರಿ ಕೋಟು, ಹಣೆಯಲ್ಲಿ ನಾಮ. ನನಗೆ ಗಾಬರಿಯಾಗಿ ನಮ್ಮೂರ ಮಾತು ಹಾಗೇ ಹೊರಬಿತ್ತು:

"ಬರ್ರಿ ಸಾಹೇಬ್ರ, ತಶರೀಫ್ ಇಡ್ರಿ. ಹೆಡ್ ಬಾಯಾರು ಚಾದ ಬಂದೋಬಸ್ತಿಗಿ ಹೋಗ್ಯಾರ, ಜಲ್ದಿ ಬರ್ತಾರ. ಹಾಜರಿ ತಯಾರ್ ಅದ. ಥೋಡೆ ದಮ್ ತಗೋರಿ."

ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅದರಿಂದ ಕಿವಿಗೆ ಏನೂ ಉಪಯೋಗವಾದಂತೆ ಕಾಣಲಿಲ್ಲ.

ಆಗ ಪಕ್ಕದಲ್ಲಿ ಕುರ್ಚಿ ಸರಿದ ಸದ್ದಾಯಿತು. ಆಪಾ ಎದ್ದಿದ್ದರು. ವಾರ್ತೆ ಓದುವ ದನಿಯಲ್ಲೇ ಶುರು ಮಾಡಿದರು:

"ಮಾನ್ಯರೇ, ದೂರದ ಮೈಸೂರಿನಿಂದ ಆಗಮಿಸಿದ ತಮಗೆ ಬೀದರಿನ ಜನತೆ ಹೃತ್ಪೂರ್ವಕ ಸ್ವಾಗತ ಕೋರಿದೆ. ಮಾರ್ಗಮಧ್ಯದಲ್ಲಿ ತಮ್ಮ ಬಸ್ಸು ಕೆಟ್ಟು ನಿಂತಿತ್ತೆಂದು ವಿಶ್ವಸನೀಯ ಮೂಲಗಳು ತಿಳಿಸಿವೆ. ತಮ್ಮ ಆರೋಗ್ಯ ತೃಪ್ತಿಕರವಾಗಿದೆಯೆಂದು ನಂಬಲಾಗಿದೆ."

ಸಾಹೇಬರ ಮುಖ ಅರಳಿತು. "ಭೇಷ್! ಎಂಥ ಶುದ್ಧವಾದ ಕನ್ನಡ! ಇಷ್ಟು ದೂರ ಬಂದದ್ದು ಸಾರ್ಥಕವಾಯಿತು ಕಣಮ್ಮಾ. ಈ ಶಾಲೆಯ ಕನ್ನಡ ಪಂಡಿತರು ತಾವೇ ಅಂತ ಕಾಣುತ್ತೆ." ಆಮೇಲೆ ನನ್ನ ಕಡೆ ತಿರುಗಿ ಮರುಕದಿಂದ ಹೇಳಿದರು: "ಭಯ ಪಡಬೇಡಿ ತಾಯಿ. ಉರ್ದು ಟೀಚರಲ್ಲವೇ, ಕಷ್ಟ ಇದ್ದೇ ಇರುತ್ತೆ. ನಿಮಗೆ ಸುಲಭವಾದ ಪ್ರಶ್ನೆಗಳನ್ನೇ ಕೇಳ್ತೀನಿ."

"ಅಲ್ರಿ ಸಾಹೇಬ್ರ, ಗಲತಿ ಆಗ್ಯದ" ಅಂದೆ ನಾನು. ಅದನ್ನು ಕೇಳಿ ಸಾಹೇಬರ ಮರುಕ ಇನ್ನೂ ಹೆಚ್ಚಾಯಿತು.

ಚಾ ಹಿಡಿದುಕೊಂಡು ಬಂದ ಹೆಡ್ ಬಾಯಾರು ಗಡಿಬಿಡಿಯಿಂದ ತಿದ್ದಿದರು: "ಸಾಹೇಬ್ರ, ಪರೀಕ್ಷಾ ಕೊಡೋರು ಅವರು. ಇಕಿ ನಮ್ಮ ಕನ್ನಡ ಟೀಚರ್!"

ಸಾಹೇಬರು ಆಪಾರನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಅವರಿಗೆ ಬಂದ ನಗುವಿಗೆ ಕೈಯಲ್ಲಿದ್ದ ಕಪ್ಪುಬಸಿಯ ಚಾ ಕೋಟಿನ ಮೇಲೆ ಬಿತ್ತು. ಅದೇ ನಗುವಿನಲ್ಲಿ ಆಪಾರ ಹೆಸರಿನ ಮುಂದೆ 'ಉತ್ತೀರ್ಣ' ಎಂದು ಬರೆದು ರುಜು ಹಾಕಿದರು. ಆಪಾ ಬೀದರಿನಲ್ಲೇ ಉಳಿದರು. ಅವರ ತಾಯಿಯ ಓಣಿಯೂ ಉಳಿಯಿತು.

"ಇವರ ಮಾತೂ ಕನ್ನಡವೇ ಅಂತ ಆಯ್ತಲ್ಲ" ಎಂದು ಕಣ್ಣೊರೆಸಿಕೊಳ್ಳುತ್ತ ನನ್ನ ಕಡೆ ಕೈ ತೋರಿಸಿದರು ಸಾಹೇಬರು. "ಹಾಗಾದರೆ ಇನ್ನು ಮೇಲೆ ನಾನೂ ಕಲೀಬೇಕು. ಆದರೂ ಈ ಕನ್ನಡ ಟೀಚರಮ್ಮನನ್ನು ಏನು ಮಾಡೋಣ ಹೇಳಿ?"

ಆಪಾ ನನ್ನ ಹೆಗಲ ಮೇಲೆ ಕೈ ಇಟ್ಟು, ನೆಟ್ಟಗೆ ನಿಂತು ಹೇಳಿದರು:

"ಈಕೆಯ ವಿರುದ್ಧ ಶೀಘ್ರದಲ್ಲೇ ಸೂಕ್ತ ಕ್ರಮ ಕೈಗೊಳ್ಳಲಾಗುವುದು."