ತಿಮ್ಮಕ್ಕನ ಬಾಯಿಗೆ ಹದಿನೈದು ನಿಮಿಷದ ಬೀಗ

"ಭಾನುವಾರ ಎಂಟರಿಂದ ಎಂಟೂಕಾಲರವರೆಗೆ ಈ ಮನೆಯಲ್ಲಿ ಒಂದು ನೊಣವೂ ಗುಂಯ್‌ಗುಡತಕ್ಕದ್ದಲ್ಲ!" ಎಂದು ನಾನು ಘೋಷಿಸಿದೆ.

"ನೊಣಕ್ಕೆ ಯಾರು ಹೇಳುದು?" ಎಂದರು ನನ್ನ ಗಂಡ ದಿನಕರ. ಬೋಟಿನ ಇಂಜಿನ್ ರಿಪೇರಿ ಮಾಡುವವರು. ಸದ್ದು ನಿಂತರೇ ಅವರಿಗೆ ಗಾಬರಿ.

ವಿಷಯ ಗಂಭೀರ. ಮೂರನೇ ಕ್ಲಾಸಿನ ನಮ್ಮ ಸುಚಿತಾಗೆ ಎಡಿಎಚ್‌ಡಿ ಇದೆ ಎಂದು ಕುಮಟಾದ ಡಾಕ್ಟರು ಹೇಳಿ ಎರಡು ತಿಂಗಳಾಗಿತ್ತು. ಹುಡುಗಿ ಜಾಣೆ. ಆದರೆ ಗಮನ ಒಂದೆಡೆ ನಿಲ್ಲದು, ಕಾಲಂತೂ ನಿಲ್ಲುವುದೇ ಇಲ್ಲ! ಕಳೆದ ಗಣಿತ ಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಆರು. ಸೋಮವಾರ ಮತ್ತೊಂದು ಪರೀಕ್ಷೆ; ನನಗೆ ಶುಕ್ರವಾರದಿಂದಲೇ ಎದೆ ಡವಡವ. "ಐದೈದೇ ಲೆಕ್ಕ ಕೊಡಿ, ನಡುವೆ ಎದ್ದು ಓಡಾಡಲಿ, ಬೈಯಬೇಡಿ" ಎಂದಿದ್ದರು ಡಾಕ್ಟರು. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಕೈಕಟ್ಟಿ ಕೂತು ಓದಿದವಳು ನಾನು. ಆ ಓಡಾಟದ ಭಾಗ ಹಿಡಿಸದೆ, ಅದನ್ನು ತೆಗೆದು ನಿಶ್ಶಬ್ದವನ್ನು ಸೇರಿಸಿದೆ. ಡಾಕ್ಟರ ಚೀಟಿಗೆ ನನ್ನದೊಂದು ತಿದ್ದುಪಡಿ!

ಟಿವಿಯ ಪ್ಲಗ್ ಕಿತ್ತೆ. ಫೋನುಗಳ ಬಾಯಿ ಮುಚ್ಚಿಸಿದೆ. ಅತ್ತೆಗೆ ಮಿಕ್ಸಿ ನಿಷೇಧಿಸಿದೆ. ಉಳಿದ ಶತ್ರು ಒಬ್ಬಳೇ: ಮೀನಿನ ತಿಮ್ಮಕ್ಕ! ಹೊನ್ನಾವರದ ನಮ್ಮ ಕೇರಿಯಲ್ಲಿ ಅವಳು "ಬಂಗಡೇ... ತಾರ್ಲೇ..." ಎಂದು ಕೂಗಿದರೆ ಹೆದ್ದಾರಿಯ ಲಾರಿಗಳ ಹಾರ್ನೇ ನಾಚಬೇಕು. ಆ ಕೂಗಿಗೆ ಎಲ್ಲರಿಗಿಂತ ಮೊದಲು ಓಡುವವಳು ನನ್ನ ಮಗಳು.

ಏಳೂವರೆಗೇ ಕೇರಿಯ ತುದಿಯಲ್ಲಿ ತಿಮ್ಮಕ್ಕನನ್ನು ಹಿಡಿದೆ. ಎರಡು ಪಾಲು ಬಂಗಡೆ ಕೊಂಡು, "ಎಂಟಕ್ಕೆ ನಮ್ಮ ಮಗಳು ಓದಲಿಕ್ಕೆ ಕೂರ್ತಾಳೆ. ಟೈಮರ್ ಗಂಟೆ ಹೊಡೆಯುವವರೆಗೆ ಒಂದೇ ಒಂದು ಮಾತೂ ಬೇಡ ತಿಮ್ಮಕ್ಕ" ಎಂದು ಬೇಡಿಕೊಂಡೆ.

"ಬೋಣಿ ಮಾಡ್ಕಂಡು ಕೇಳ್ತ್ಯಲ್ಲೇ ತಂಗಿ! ಬೋಣಿ ಹೊತ್ತಲ್ಲಿ ಕೊಟ್ಟ ಮಾತು ತಪ್ಪಿದ್ರೆ ಬುಟ್ಟಿ ಖಾಲಿ ಆಗುದಿಲ್ಲ. ಆತು, ಗಂಟೆ ಹೊಡೆಯೂತನಕ ನನ್ನ ಬಾಯಿ ಬಂದ್!"

ದಿನದ ಮೊದಲ ಗಿರಾಕಿಗೆ ಕೊಟ್ಟ ಮಾತಿಗೆ ಇಷ್ಟೊಂದು ತೂಕವಿದೆ ಎಂದು ನನಗೆ ಯಾವ ಕಾನ್ವೆಂಟಿನಲ್ಲೂ ಕಲಿಸಿರಲಿಲ್ಲ.

ಎಂಟಕ್ಕೆ ಸರಿಯಾಗಿ ಟೈಮರ್ ತಿರುಗಿಸಿದೆ. ಎರಡೇ ನಿಮಿಷಕ್ಕೆ ಸುಚಿತಾ ಪೆನ್ಸಿಲ್ ಚೂಪು ಮಾಡಲು ಎದ್ದಳು. ಟೈಮರ್ ಮತ್ತೆ ಹದಿನೈದಕ್ಕೆ! ನೀರು ಕುಡಿಯಲು ಎದ್ದಳು. ಮತ್ತೆ ಹದಿನೈದು!

"ಅಮ್ಮಾ, ಇದು ಯಾವತ್ತಾದ್ರೂ ಮುಗೀತದಾ?"

"ನೀನು ಅಲುಗಾಡದಿದ್ದರೆ ಮುಗಿಯುತ್ತೆ!"

ಎಂಟೂವರೆಯಾದರೂ ಗಂಟೆ ಹೊಡೆಯಲಿಲ್ಲ. ಹೊರಗೆ ತಿಮ್ಮಕ್ಕ ಎದುರುಮನೆ ಗಣಪಿಯ ಗೇಟಿನಲ್ಲಿ ಬುಟ್ಟಿ ಇಳಿಸಿ ಕಂಬದಂತೆ ನಿಂತಿದ್ದಳು.

"ಎಂತ ಆತೇ ತಿಮ್ಮಿ? ಕೂಗುದೇ ಕೇಳ್ಲಿಲ್ಲ?" ಎಂದಳು ಗಣಪಿ.

ತಿಮ್ಮಕ್ಕನ ಒಂದು ಬೆರಳು ತುಟಿಯ ಮೇಲೆ, ಇನ್ನೊಂದು ನಮ್ಮ ಮನೆಯತ್ತ.

"ಅಯ್ಯಯ್ಯೋ, ತಿಮ್ಮಿ ಬಾಯಿ ಬಿದ್ದೋಯ್ತು! ಎಲ್ಲಾ ಓಡ್ ಬನ್ನಿ!"

ಕೇರಿಗೆ ಕೇರಿಯೇ ಬಂತು. ಪಕ್ಕದ ಮನೆಯ ಭಾಗ್ಯಲಕ್ಷ್ಮಿ ಶುಂಠಿ ಕಷಾಯ ತಂದಳು. ತಿಮ್ಮಕ್ಕ ಗಟಗಟ ಕುಡಿದಳು, ಮಾತಾಡಲಿಲ್ಲ.

"ಬೆಳಿಗ್ಗೆ ದಿನಕರನ ಹೆಂಡ್ತಿ ಇವಳನ್ನ ತಡೆದು ಎಂತದೋ ಗುಸುಗುಸು ಹೇಳ್ತಿದ್ಲು, ನಾನೇ ಕಂಡಿದ್ದೆ!" ಎಂದಳು ಗಣಪಿ.

ಅಷ್ಟು ಕೇಳಿದ್ದೇ ನಮ್ಮ ಅತ್ತೆ ಉಪ್ಪು, ಮೆಣಸಿನಕಾಯಿ ಹಿಡಿದು ಧಾವಿಸಿದರು. "ನನ್ನ ಸೊಸೆ ಕಣ್ಣು ಅಂಥಾದ್ದಲ್ಲ. ಆದ್ರೂ ಒಂದ್ಸಲ ದೃಷ್ಟಿ ತೆಗೆದುಬಿಡುವಾ!" ತಿಮ್ಮಕ್ಕನಿಗೆ ಮೂರು ಸುತ್ತು ನಿವಾಳಿಸಿ ನಮ್ಮ ಬಚ್ಚಲ ಒಲೆಗೆ ಸುರಿದರು. ಮನೆಯೆಲ್ಲ ಘಾಟು, ಕೇರಿಯೆಲ್ಲ ಕೆಮ್ಮು! ಘಾಟು ಬಂದರೆ ದೃಷ್ಟಿ ತಾಗಿಲ್ಲ ಎಂದೇ ಲೆಕ್ಕ. ಆದರೆ ಆ ತೀರ್ಪು ಹೇಳಲು ಯಾರ ಗಂಟಲೂ ಖಾಲಿ ಇರಲಿಲ್ಲ. ತಿಮ್ಮಕ್ಕ ಮುಚ್ಚಿದ ಬಾಯಲ್ಲೇ ಕೆಮ್ಮುತ್ತಿದ್ದಳು.

ಹೊರಗೋಡಿದೆ. "ನಾನೇನೂ ಮಾಡಿಲ್ಲ! ಇದೆಲ್ಲ ಗಣಿತಕ್ಕೋಸ್ಕರ!"

"ಗಣಿತಕ್ಕೆ ಎಂತಕ್ಕೆ ಹೆಂಗಸಿನ ಬಾಯಿ ಕಟ್ಟುದು ಮಾರಾಯ್ತಿ?" ಎಂದಳು ಗಣಪಿ.

"ತಿಮ್ಮಕ್ಕ, ನಾನೇ ಹೇಳ್ತಿದ್ದೇನೆ, ಮಾತಾಡಿ!"

ಅವಳು ಅಡ್ಡಡ್ಡ ತಲೆಯಾಡಿಸಿದಳು. ಮಾತೆಂದರೆ ಮಾತು. ಗಂಟೆಯೇ ಆಗಬೇಕು!

ಅಷ್ಟರಲ್ಲಿ ಒಳಗಿಂದ ಟಣ್! ಸುಚಿತಾ ಟೈಮರನ್ನು ತಾನೇ ಸೊನ್ನೆಗೆ ತಿರುಗಿಸಿ, ಕಿಟಕಿಗೆ ಮೂಗೊತ್ತಿ ಕೂಗಿದಳು: "ತಿಮ್ಮಜ್ಜೀ, ಹೊಡೀತು! ಮಾತಾಡು!"

"ಬಂಗಡೇ...!" ಅರ್ಧ ಗಂಟೆಯ ಬಾಕಿಯೆಲ್ಲ ಒಂದೇ ಉಸಿರಿಗೆ ಹೊರಬಿತ್ತು. ಆಮೇಲೆ ನನ್ನತ್ತ ತಿರುಗಿ, "ತಂಗೀ, ನಾಳೆಯಿಂದ ನೀ ಬೋಣಿಗೆ ಬರುದೇ ಬೇಡ!"

ಸೋಮವಾರ ಪರೀಕ್ಷೆ ಮುಗಿಯಿತು. ಬುಧವಾರ ವೀಣಾ ಟೀಚರ್ ಶಾಲೆಗೆ ಕರೆಸಿದರು. ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿದೆ.

"ಹದಿನಾಲ್ಕು ಬಂದದೆ" ಎಂದರು.

ನನ್ನ ಕಣ್ಣು ತುಂಬಿತು. "ನಿಶ್ಶಬ್ದವಾದ ಕೋಣೆಯಲ್ಲಿ ಕೂರಿಸಿದ್ರಾ ಟೀಚರ್?"

"ಎಲ್ಲಿ ನಿಶ್ಶಬ್ದ! ಪಕ್ಕದಲ್ಲೇ ಬಿಸಿಯೂಟದ ಪಾತ್ರೆ ತೊಳೀತಿದ್ರು. ನೀವು ಶಾಲೆಗೆ ಕೊಟ್ಟ ಚೀಟಿಯಲ್ಲಿ ಡಾಕ್ಟರು ಹೇಳಿದ ಹಾಗೇ ಮಾಡಿಸ್ದೆ. ಐದು ಲೆಕ್ಕ ಮಾಡುದು, ನಲ್ಲಿತನಕ ಹೋಗಿ ಬರುದು, ಮತ್ತೆ ಐದು. ಮೂರು ಸುತ್ತು ಚೆಂದ ಆಯ್ತು, ಹದಿನೈದರಲ್ಲಿ ಒಂದೇ ತಪ್ಪು. ಕೊನೇ ಐದು ಮಾತ್ರ ಮುಟ್ಲೇ ಇಲ್ಲ."

"ಅಯ್ಯೋ! ಗಮನ ಯಾಕೆ ಹೋಯ್ತು ಟೀಚರ್?"

"ಎಂತ ಹೇಳುದು? ಯಾರೋ ಹೆಂಗಸು ಕಾಂಪೌಂಡ್ ಮೇಲಿಂದ ಇಣುಕಿ ಇಣುಕಿ, 'ಪುಸ್ತಕ ನೋಡು, ಪುಸ್ತಕ ನೋಡು' ಅಂತ ಕೈಸನ್ನೆ ಮಾಡ್ತಿದ್ರು. ಹಳದಿ ಚೂಡಿದಾರ."

ನಾನು ಮೈಮೇಲಿದ್ದ ಹಳದಿ ವೇಲನ್ನು ಮೆಲ್ಲಗೆ ಬ್ಯಾಗಿನೊಳಗೆ ತುರುಕತೊಡಗಿದೆ.