ಕಾಫಿ ಕಣದಲ್ಲಿ ಕಾನೂನು ಪರೀಕ್ಷೆ

ನಾನು ನಿಂತಿದ್ದದ್ದು ನಮ್ಮ ಕಾಫಿ ಕಣದ ಮೂಲೆಯಲ್ಲಿ, ಸ್ಟೋರಿನ ಗೋಡೆಗೆ ಬೆನ್ನು ಕೊಟ್ಟು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ, ಕುಯ್ಲಿನ ದಿನ. ಯಸಳೂರಿನಿಂದ ಸಕಲೇಶಪುರಕ್ಕೆ ಹೋಗುವ ಬೆಳಗಿನ ಬಸ್ಸು ಆಗಷ್ಟೇ ತಿರುವಿನಲ್ಲಿ ಹಾರ್ನ್ ಹೊಡೆದು ಹೋಗಿತ್ತು. ಇಷ್ಟು ವಿವರ ಯಾಕೆಂದರೆ, ಮುಂದೆ ಹೇಳುವುದನ್ನು ನೀವು ಸುಲಭಕ್ಕೆ ನಂಬುವುದಿಲ್ಲ. ಪರೀಕ್ಷೆಗೆ ಹೆದರಿ ಓಡುವವರನ್ನು ನೀವು ನೋಡಿರಬಹುದು. ಪರೀಕ್ಷೆಯನ್ನೇ ಮನೆಗೆ ಕರೆಸಿಕೊಂಡು, ಕಣದ ಮಧ್ಯೆ ಮೇಜು ಹಾಕಿ, ಅದಕ್ಕೆ ಮುಖ ಕೊಟ್ಟು ಕೂತವರನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ನಮ್ಮ ಅತ್ತಿಗೆ!

ಅತ್ತಿಗೆ ಕಾನೂನು ಓದಿದವರು. ಸಿವಿಲ್ ದಾವೆ ನಡೆಸುವ ಕ್ರಮದ ಬಗ್ಗೆ ಇದ್ದ ಒಂದೇ ಒಂದು ಪತ್ರಿಕೆ ಬಾಕಿ ಉಳಿದಿತ್ತು. ಅದನ್ನು ಎರಡು ಸಲ ಬರೆದು ಎರಡು ಸಲವೂ ಫೇಲಾಗಿದ್ದರು. ವಿಷಯ ಗೊತ್ತಿಲ್ಲ ಎಂದಲ್ಲ, ರೊಟ್ಟಿ ತಟ್ಟುತ್ತಲೇ ಕಲಮುಗಳನ್ನು ಒಪ್ಪಿಸುತ್ತಿದ್ದರು. ಆದರೆ ಪರೀಕ್ಷೆ ಮುಗಿಯುವ ಮುಂಚೆ ಎಚ್ಚರಿಕೆಯ ಗಂಟೆ ಹೊಡೆಯುತ್ತಾರಲ್ಲ, ಅದು ಕಿವಿಗೆ ಬಿದ್ದ ಕೂಡಲೇ ಅವರ ಕೈ ನಿಂತುಬಿಡುತ್ತಿತ್ತು. ಹಳೆಯ ಪಠ್ಯಕ್ರಮದವರಿಗೆ ಇದೇ ಕೊನೆಯ ಅವಕಾಶ ಎಂದು ವಿಶ್ವವಿದ್ಯಾಲಯ ತಿಳಿಸಿತ್ತು. ಈ ಸಲವೂ ಹೋದರೆ ವಕೀಲಿ ಸನ್ನದಿನ ಆಸೆ ಬಿಡಬೇಕು, ಇಲ್ಲವೇ ಮೊದಲ ವರ್ಷದಿಂದ ಓದಬೇಕು.

"ಭಯ ಇರೋದು ಕಾನೂನಿಂದಲ್ಲ ಕಣೋ, ಗಂಟೇದು. ಅದನ್ನೇ ದಿನಾ ಕೇಳಿ ಕೇಳಿ ಸವೆಸ್ಬೇಕು," ಎಂದರು ಅತ್ತಿಗೆ.

ಮಾದರಿ ಪರೀಕ್ಷೆಗಳು ಶುರುವಾದದ್ದು ಹೀಗೆ. ಹಳೆಯ ಪ್ರಶ್ನೆಪತ್ರಿಕೆಗಳಿಂದ ಪ್ರಶ್ನೆ ಆರಿಸುವುದು, ಗಂಟೆ ಹೊಡೆಯುವುದು, ಗೈಡು ನೋಡಿ ಅಂಕ ಕೊಡುವುದು ನನ್ನ ಪಾಲಿಗೆ ಬಂತು. ಮೊದಲ ದಿನ ದೇವರ ಮನೆಯ ಗಂಟೆ ತಂದೆ.

"ಅಯ್ಯೋ ಮಾರಾಯ, ಇದಕ್ಕೆ ಭಕ್ತಿ ಬರ್ತದೆ, ಭಯ ಎಲ್ಲಿ ಬರ್ತದೆ?" ಎಂದು ವಾಪಸು ಕಳಿಸಿದರು.

ಉಳಿದದ್ದು ಒಂದೇ. ಕೆಲಸದವರನ್ನು ಕರೆಯಲು, ಬಿಡಲು ಸ್ಟೋರಿನ ಮುಂದೆ ತೂಗುಹಾಕಿದ್ದ ರೈಲು ಕಂಬಿಯ ತುಂಡು. ಸುತ್ತಿಗೆಯಿಂದ ಹೊಡೆದರೆ ಎದುರು ಗುಡ್ಡಕ್ಕೂ ಕೇಳುವಂಥದ್ದು. ನಾನು ಆವತ್ತು ಗೋಡೆಗೆ ಬೆನ್ನು ಕೊಟ್ಟು ನಿಂತು ಹೊಡೆದದ್ದು ಅದನ್ನೇ. ಅತ್ತಿಗೆ ಬರೆಯಲು ಶುರು ಮಾಡಿದರು. ಸ್ವಲ್ಪ ಹೊತ್ತಿಗೆ ತೋಟದೊಳಗಿಂದ ಗದ್ದಲ. ನೋಡುತ್ತೇನೆ, ಹಣ್ಣು ಕುಯ್ಯಲು ಆಗಷ್ಟೇ ಹೋದವರೆಲ್ಲ ಖಾಲಿ ಬುಟ್ಟಿ ಹೊತ್ತು ಸಾಲಾಗಿ ಇಳಿದು ಬರುತ್ತಿದ್ದಾರೆ! ಅವರ ಹಿಂದೆ ತೋಟದ ಲೆಕ್ಕ ಬರೆಯುವ ನಮ್ಮ ರೈಟರು, ತಲೆಯ ಮೇಲೆ ಕೈ ಹೊತ್ತು.

"ಇಷ್ಟ್ ಬೇಗ ಸಂಜೆ ಆಗ್ಬುಡ್ತಾ ಅಯ್ಯಾ?" ಎಂದಳು ಮುಂದಿದ್ದವಳು.

"ಇಲ್ಲ ಕಣವ್ವ, ಪರೀಕ್ಷೆ ಗಂಟೆ," ಎಂದೆ.

ಅವರು ಬುದ್ಧಿವಂತರು, ಚೆನ್ನಾಗಿ ಅರ್ಥ ಮಾಡಿಕೊಂಡರು. ಎಷ್ಟು ಚೆನ್ನಾಗಿ ಎಂದರೆ, ಸಂಜೆ ನಿಜವಾದ ಗಂಟೆ ಹೊಡೆದಾಗ ಒಬ್ಬರೂ ಇಳಿಯಲಿಲ್ಲ! ಅಣ್ಣ ಗುಡ್ಡ ಹತ್ತಿ, ಕೂಗಿ ಕರೆತರಬೇಕಾಯಿತು. ಆಮೇಲೆ ಪರೀಕ್ಷೆ ನಡೆಯುವಾಗ ಕಣದ ಕಂಬಕ್ಕೆ ಕೆಂಪು ಟವೆಲ್ ಕಟ್ಟುವ ಪದ್ಧತಿ ಬಂತು.

ಅವ್ವನಿಗೆ ಇದೆಲ್ಲ ಹಿಡಿಸಲಿಲ್ಲ. "ಎರಡು ಸಲ ಸುಮ್ನೆ ಬಿದ್ದವ್ಳು ಮೂರ್ನೇ ಸಲ ಊರಿಗೆಲ್ಲ ಗಂಟೆ ಹೊಡ್ದು ಬೀಳ್ಬೇಕಾ?" ಎಂದಳು.

ಅತ್ತಿಗೆ ಕೋಪಿಸಿಕೊಳ್ಳಲಿಲ್ಲ. "ಅತ್ತೆ, ಪರೀಕ್ಷೆಗೆ ಸ್ಕ್ವಾಡ್ ಅಂತ ಬರ್ತಾರೆ. ಚೀಟಿ ಹುಡುಕೋರು, ಎಲ್ರೂ ಹೆದರೋರು. ಅದು ನೀವಾಗಿ," ಎಂದರು.

ಹೆದರಿಸುವ ಕೆಲಸ ಎಂದ ಮೇಲೆ ಅವ್ವ ಬೇಡ ಎನ್ನುತ್ತಾಳೆಯೇ? ಮರುದಿನವೇ ಸೊಸೆಯ ಸೆರಗಿನ ಗಂಟು ಬಿಚ್ಚಿಸಿ, ಒಂದು ಪೆಪ್ಪರಮಿಂಟು ವಶಪಡಿಸಿಕೊಂಡು, ತನ್ನ ಬಾಯಿಗೇ ಹಾಕಿಕೊಂಡಳು.

"ಅದ್ರಲ್ಲಿ ಏನು ಬರ್ದಿತ್ತು ಅತ್ತೆ?"

"ಕರಗ್ಲಿ ತಡಿ, ನೋಡ್ತೀನಿ."

ಅಂಕ ಕೊಡುವವನ ಕಷ್ಟವನ್ನು ಹೇಳದಿರುವುದೇ ಮೇಲು. ಒಂದು ಉತ್ತರಕ್ಕೆ ಅರ್ಧ ಅಂಕ ಕಡಿಮೆ ಕೊಟ್ಟೆ. ಕಾರಣ ಕೇಳಿದರು.

"ಅಕ್ಷರ ಓದಕ್ಕಾಗಲಿಲ್ಲ ಅತ್ತಿಗೆ."

"ಓದಕ್ಕಾಗ್ದಿದ್ರೆ ಅದು ನಿನ್ನ ಅನರ್ಹತೆ. ನನ್ನ ಅಂಕ ಯಾಕೆ ಮುರೀತೀಯ?"

ಮೇಲ್ಮನವಿ ಅಣ್ಣನ ಮುಂದೆ ಹೋಯಿತು. ಅವನು ಕಡುಬು ತಿನ್ನುತ್ತಿದ್ದವನು ಎರಡೂ ಕಡೆಯ ವಾದ ಕೇಳಿ, "ಸಾರು ಆರ್ತಾ ಐತೆ, ನಾಳೆ ನೋಡನ," ಎಂದು ಮುಂದೂಡಿದ. ಆ ಅರ್ಧ ಅಂಕ ಇವತ್ತಿಗೂ ಇತ್ಯರ್ಥವಾಗಿಲ್ಲ.

ನಗುವಂತೆ ಹೇಳುತ್ತಿದ್ದೇನೆ, ಆದರೆ ಇದನ್ನೂ ಹೇಳಬೇಕು. ಮೊದಮೊದಲು ಎಚ್ಚರಿಕೆಯ ಗಂಟೆ ಹೊಡೆದಾಗ ಅತ್ತಿಗೆಯ ಪೆನ್ನು ಕೆಳಗೆ ಬೀಳುತ್ತಿತ್ತು, ಮುಖ ಬಿಳಚಿಕೊಳ್ಳುತ್ತಿತ್ತು. ಆಮೇಲೆ ಪೆನ್ನು ಬೀಳಲಿಲ್ಲ, ನಡುಗಿತು. ಕುಯ್ಲು ಮುಗಿಯುವ ಹೊತ್ತಿಗೆ ನಡುಗುವುದೂ ನಿಂತಿತ್ತು. ಅದನ್ನು ನಾನು ಹತ್ತಿರದಿಂದ ಕಂಡೆ.

ಹಾಸನದಲ್ಲಿ ನಿಜವಾದ ಪರೀಕ್ಷೆಯ ದಿನ ನಾನು ಕಾಲೇಜಿನ ಗೇಟಿನ ಹೊರಗೆ, ಸೈಕಲ್ ಸ್ಟ್ಯಾಂಡಿನ ಪಕ್ಕ ನಿಂತಿದ್ದೆ. ಎಚ್ಚರಿಕೆಯ ಗಂಟೆ ಹೊಡೆಯಿತು. ಬರೆಯುತ್ತಿದ್ದವರು ಅವರು, ಸ್ಟ್ಯಾಂಡಿನ ಕಂಬ ಹಿಡಿದುಕೊಂಡದ್ದು ನಾನು! ಎಲ್ಲರಿಗಿಂತ ಕೊನೆಗೆ ಹೊರಬಂದರು.

"ಗಂಟೆ ಕೇಳ್ತಾ ಅತ್ತಿಗೆ?"

"ಯಾವ ಗಂಟೆ? ಕೊನೇದು ಹೊಡೆದಾಗ ಪೇಪರ್ ಕೊಟ್ಟು ಬಂದೆ."

"ಅದಕ್ಕೂ ಮುಂಚೆ ಒಂದು ಹೊಡೆದ್ರಲ್ಲ?"

ಅತ್ತಿಗೆ ನನ್ನನ್ನೇ ನೋಡಿದರು. "ಹೊಡೆದ್ರಾ?" ಎಂದರು.

ಪಾಸಾದರು, ಸನ್ನದು ಬಂತು, ಕರಿ ಕೋಟು ಬಂತು. ಸಕಲೇಶಪುರದ ನ್ಯಾಯಾಲಯದಲ್ಲಿ ಮೊದಲ ದಿನ. ಅವ್ವ ಹಟ ಹಿಡಿದು ನಮ್ಮ ಜೊತೆಗೆ ಬಂದಳು. ಹಿಂದಿನ ಬೆಂಚಿನಲ್ಲಿ ಅವ್ವ, ಅಣ್ಣ, ನಾನು. ಕೇಸು ಕೂಗಿದಾಗ ಮುಂದೆ ಕೂತಿದ್ದ ಅತ್ತಿಗೆ ಎದ್ದು ನಿಂತು ಮಾತು ಶುರು ಮಾಡಿದರು. ನನ್ನ ಪಕ್ಕದಲ್ಲಿ ಅವ್ವನೂ ಎದ್ದು ನಿಂತಳು.

ಬಾಗಿಲ ಬಳಿಯ ಜವಾನ ಹತ್ತಿರ ಬಂದು ಮೆಲ್ಲಗೆ, "ಅಮ್ಮಾ, ಕೂತ್ಕಳಿ," ಎಂದ.

"ನಮ್ಮುಡುಗಿ ನಿಂತವ್ಳಲ್ಲಪ್ಪ, ನಾ ಹೆಂಗ್ ಕೂತ್ಕಳ್ಲಿ?" ಎಂದಳು ಅವ್ವ, ಪಿಸುದನಿಯಲ್ಲಿ.

ನ್ಯಾಯಾಧೀಶರು ಕನ್ನಡಕದ ಮೇಲಿಂದ ಒಮ್ಮೆ ನೋಡಿದರು. ಇರಲಿ ಎನ್ನುವಂತೆ ಕೈ ಅಲ್ಲಾಡಿಸಿದರು. ಅತ್ತಿಗೆ ಮಾತು ಮುಗಿಸಿ ಕೂರುವವರೆಗೂ ಅವ್ವ ಕೈಜೋಡಿಸಿ ನಿಂತೇ ಇದ್ದಳು.

ಅವ್ವ ಈಗಿಲ್ಲ. ಆ ನ್ಯಾಯಾಧೀಶರೂ ಜವಾನನೂ ತೀರಿಕೊಂಡರೆಂದು ಕೇಳಿದೆ. ಅವ್ವ ಅವತ್ತು ಹಾಗೆ ನಿಂತದ್ದನ್ನು ಕಂಡವರಲ್ಲಿ ನನಗೆ ಗೊತ್ತಿರುವಂತೆ ಉಳಿದಿರುವವರು ಅಣ್ಣ ಮತ್ತು ನಾನು. ಅತ್ತಿಗೆ ಮಾತ್ರ ಅದನ್ನು ನೋಡಲಿಲ್ಲ. ಅವರ ಬೆನ್ನು ನಮ್ಮ ಕಡೆಗಿತ್ತು.